ಸ್ಪಷ್ಟನೆ: ಕ್ಯೂಆರ್ ಕೋಡ್ ಇಟ್ಟ ಮಾತ್ರಕ್ಕೆ ಜಿಎಸ್‌ಟಿ ಬೀಳುವುದಿಲ್ಲ

"ಯುಪಿಐನಲ್ಲಿ ಹಣ ಪಡೆದರೆ ಜಿಎಸ್‌ಟಿ ಕಟ್ಟಲೇಬೇಕು, ಕ್ಯಾಶ್ ಆದರೆ ಬೇಡ" ಎಂಬ ಸಂದೇಶ ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು. ನಮ್ಮ ಬೀದಿಯ ಸೊಪ್ಪಿನ ಅಜ್ಜಿ ನಿನ್ನೆ ತಕ್ಕಡಿ ಪಕ್ಕದ ಕ್ಯೂಆರ್ ಹಾಳೆ ಕಿತ್ತು ಗೋಣಿಯಡಿ ಮಡಚಿಟ್ಟಿದ್ದರು, ನೋಡಿ ಸಂಕಟವಾಯಿತು. ತಾಜಾ ಸೊಪ್ಪು, ತರಕಾರಿ, ಹಣ್ಣಿಗೆ ಜಿಎಸ್‌ಟಿಯೇ ಇಲ್ಲ. ಅವನ್ನಷ್ಟೇ ಮಾರುವವರಿಗೆ ವಹಿವಾಟು ಎಷ್ಟಿದ್ದರೂ ನೋಂದಣಿ ಬೇಡ.

ಉಳಿದವರಿಗೆ ಲೆಕ್ಕ ವರ್ಷದ ಒಟ್ಟು ವಹಿವಾಟಿನದು, ನಗದೂ ಯುಪಿಐಯೂ ಸೇರಿ. ಜಿಎಸ್‌ಟಿ ನಿಯಮದಂತೆ 2019ರ ಏಪ್ರಿಲ್‌ನಿಂದ ಕರ್ನಾಟಕದೊಳಗೆ ಬರೀ ಸರಕು ಮಾರುವವರಿಗೆ ಮಿತಿ 40 ಲಕ್ಷ ರೂಪಾಯಿ; ಸೇವೆ ಕೊಡುವವರಿಗೆ 20 ಲಕ್ಷ. ಬೀಡಿ-ಸಿಗರೇಟು, ಐಸ್‌ಕ್ರೀಂ ಇಟ್ಟ ಅಂಗಡಿಗೂ 20 ಲಕ್ಷವೇ, ಇದನ್ನು ಗಮನಿಸಿ. ಮಿತಿ ದಾಟಿದರೆ ಕ್ಯಾಶ್ ವ್ಯಾಪಾರದವರೂ ನೋಂದಾಯಿಸಬೇಕು.

ಆ ಸಂದೇಶವನ್ನು ದಯವಿಟ್ಟು ಯಾರಿಗೂ ಕಳಿಸಬೇಡಿ.