ಪೇಪರ್ ತೆಗೆದ್ರೂ ಜಾಮ್ ಅಂತಾನೇ ತೋರ್ಸೋ ಪ್ರಿಂಟರ್

ಆಫೀಸ್ ಲೇಸರ್ ಪ್ರಿಂಟರ್‌ದು ಇದೊಂದು ಗೋಳು, ಸಿಕ್ಕಾಕೊಂಡಿರೋ ಹಾಳೆ ತೆಗೆದಾಯ್ತು, ಟ್ರೇ ವಾಪಸ್ ಹಾಕಾಯ್ತು, ಆಫ್ ಮಾಡಿ ಆನ್ ಮಾಡಾಯ್ತು, ಆದ್ರೂ ಪೇಪರ್ ಜಾಮ್ ಅಂತಾನೇ ಬರುತ್ತೆ. ಹೊರಗೆ ಜನ ಕಾಗದಕ್ಕೆ ಕಾಯ್ತಾ ನಿಂತಿರ್ತಾರೆ, ಅವರಿಗೆ ಏನಂತ ಹೇಳೋದು?

ಒಳಗೆ ಹಾಳೆ ಹೋಗೋ ದಾರೀಲಿ ಸಣ್ಣ ಪ್ಲಾಸ್ಟಿಕ್ ಸೆನ್ಸರ್ ಕಡ್ಡಿ ಇರುತ್ತೆ, ಹಾಳೆ ಬಂದಾಗ ಬಾಗಿ, ದಾಟಿದ್ಮೇಲೆ ವಾಪಸ್ ಬರ್ಬೇಕು. ಉಗುರಿನಷ್ಟು ಚೂರು ಅಲ್ಲಿ ಉಳಿದ್ರೂ ಮೆಷಿನ್ನಿಗೆ ಹಾಳೆ ಇನ್ನೂ ಇದೆ ಅಂತಾನೇ ಲೆಕ್ಕ. ಯಾರೋ ಅವಸರಕ್ಕೆ ಜಗ್ಗಿ ಹರಿದು, ಕೈಗೆ ಬಂದಷ್ಟನ್ನ ಬುಟ್ಟಿಗೆ ಹಾಕಿ ಎದ್ದೋಗ್ತಾರಲ್ಲ, ನನಗೆ ಸಿಟ್ಟು ಬರೋದೇ ಅಲ್ಲಿ. ಹಾಳೆ ಹೋಗೋ ದಿಕ್ಕಿಗೇ ಎರಡೂ ಕೈಯಲ್ಲಿ ನಿಧಾನ ಎಳೀರಪ್ಪ, ಹರಿದ್ರೆ ಚೂರೆಲ್ಲ ಜೋಡ್ಸಿ ನೋಡಿ, ಒಂದು ಮೂಲೆ ಕಮ್ಮಿ ಇದ್ರೆ ಅದು ಒಳಗೇ ಇದೆ ಅಂತ ಅರ್ಥ. ಟೋನರ್, ಅಂದ್ರೆ ಇಂಕ್ ಪುಡಿ ಡಬ್ಬಿ, ತೆಗೆದು ಟಾರ್ಚ್ ಹಾಕಿ ನೋಡಿ, ಹಿಂದಿನ ಬಾಗಿಲೂ ತೆಗೀರಿ, ಎರಡೂ ಬದಿ ಪ್ರಿಂಟ್‌ಗೆ ಹಾಳೆ ತಿರುಗ್ಸೋ ಡ್ಯೂಪ್ಲೆಕ್ಸ್ ಕಡೆಗಂತೂ ಯಾರೂ ತಲೆನೇ ಹಾಕಲ್ಲ. (ಪುಡಿನ ಬಿಸಿ ಮಾಡಿ ಹಾಳೆಗೆ ಅಂಟ್ಸೋ ಫ್ಯೂಸರ್ ಹತ್ರ ಮಾತ್ರ ಹುಷಾರು, ಹತ್ತತ್ರ 200 ಡಿಗ್ರಿ ಬಿಸಿ ಇರುತ್ತೆ, ಆಫ್ ಮಾಡಿ ಆರೋಕೆ ಬಿಡಿ.)

ಇನ್ನು ಮಳೆಗಾಲದಲ್ಲಿ 500 ಹಾಳೆ ಬಂಡಲ್ ಬಿಚ್ಚಿ ಕಿಟಕಿ ಪಕ್ಕ ಇಡ್ತಾರೆ, ಥಂಡಿ ಹಿಡಿದ ಹಾಳೆ ಒಂದಕ್ಕೊಂದು ಅಂಟ್ಕೊಂಡು ಹೋಗಿ ಮತ್ತೆ ಜಾಮ್. ಟ್ರೇಯಿಂದ ಹಾಳೆ ಎಳ್ಕೊಳ್ಳೋ ಪಿಕಪ್ ರೋಲರ್ ಸವೆದು ನುಣ್ಣಗಾಗಿದೆ, ಬದಲಾಯ್ಸಿ ಅಂತ ಕೇಳಿದ್ರೆ ಬಜೆಟ್ ಇಲ್ವಂತೆ. ಒಂದು ರಬ್ಬರ್ ರೋಲರ್‌ಗೆ ಬಜೆಟ್ ಇಲ್ಲ ಅಂದ್ರೆ ಹೇಗೆ ಸ್ವಾಮಿ?