ಇದ್ಯಾರ್ ಮೇಡಂ ಮಾಡಿದ್ದು?

ಸಿಂಕಿನ ಕೆಳಗಿನ ಬಾಗಿಲು ಇವತ್ತೂ ತೆರೆಯಲಿಲ್ಲ. ಕಸದ ಬುಟ್ಟಿ ಒಳಗೆ, ಬದನೆಕಾಯಿ ತೊಟ್ಟು ಕೈಯಲ್ಲಿ, ಒಲೆ ಮೇಲೆ ಹಾಲು. ಜೋರಾಗಿ ಜಗ್ಗಿದರೆ ಹಿಡಿ ಮಾತ್ರ ಕಿತ್ತು ಬಂತು. ಅಷ್ಟರಲ್ಲಿ ಹಾಲೂ ಉಕ್ಕಿತು.

ಮೇಲಿಂದ ನೋಡಿದರೆ ಅಡುಗೆ ಕಟ್ಟೆಗೆ ಏನೂ ಆಗಿಲ್ಲ. ಕರೀ ಗ್ರಾನೈಟು, ಬೋರ್‌ವೆಲ್ ನೀರಿನ ಬಿಳಿ ಕಲೆ ಬಿಟ್ಟರೆ ಗಟ್ಟಿಮುಟ್ಟಾಗಿದೆ. ಸಿಂಕ್ ಕೂರಿಸಲು ಕಲ್ಲು ಕೊರೆದ ಕಡೆ ಸಿಲಿಕಾನ್ ಅಂಟು ಎದ್ದುಬಂದು, ಪಾತ್ರೆ ತೊಳೆದಾಗಲೆಲ್ಲ ಆ ಸಂದಿಯಿಂದ ನೀರು ಇಳಿದು, ಕೆಳಗಿನ ಪ್ಲೈವುಡ್ ಪೂರಿಯಂತೆ ಉಬ್ಬಿದೆ. ವಾಟರ್‌ಪ್ರೂಫ್ ಅಂತ ದುಡ್ಡು ಎಣಿಸಿಕೊಂಡು ಹಾಕಿದ ಪ್ಲೈವುಡ್ಡು! ಅಸಲಿಯಾದರೆ ಐಎಸ್ 710 ಅಂತ ಭಾರತೀಯ ಮಾನಕದ ಮುದ್ರೆ ಇರಬೇಕು, 72 ಗಂಟೆ ನೀರಲ್ಲಿ ಕುದಿಸಿದರೂ ಪದರ ಬಿಡಬಾರದು. ನಮ್ಮದರ ಬೆನ್ನ ಮೇಲಿರುವುದು ಐಎಸ್ 303, ಎಂಆರ್, ಅಂದರೆ ಮಾಯಿಶ್ಚರ್ ರೆಸಿಸ್ಟೆಂಟ್. ತೇವ ತಡೆಯುತ್ತದಂತೆ, ನೀರನ್ನಲ್ಲ.

ಇದನ್ನಾದರೂ ಸಹಿಸಬಹುದು. ನಮ್ಮ ಪ್ಲಂಬರ್‌ನ ಚಾಳಿಯನ್ನು ಸಹಿಸುವುದು ಕಷ್ಟ. ಬಂದವನೇ ಮಂಡಿಯೂರಿ, ಮೊಬೈಲ್ ಟಾರ್ಚ್ ಬಿಟ್ಟು, ತಲೆ ಒಳಗೆ ತೂರಿಸಿ, ಲೊಚಗುಟ್ಟಿ, ಅಲ್ಲಿಂದಲೇ ಕೇಳುತ್ತಾನೆ:

"ಇದ್ಯಾರ್ ಮೇಡಂ ಮಾಡಿದ್ದು?"

"ನೀವೇ."

ಒಳಗೆ ಸದ್ದಿಲ್ಲ. ಟಾರ್ಚು ಇನ್ನೊಂದು ಮೂಲೆಗೆ ತಿರುಗುತ್ತದೆ.

"ನಾನಲ್ಲ ಬಿಡಿ, ನಮ್ ಹುಡ್ಗ ಮಾಡಿರ್ತಾನೆ."

ಹುಡುಗ ರೆಂಚ್ ಹಿಡಿದು ನನ್ನ ಪಕ್ಕದಲ್ಲೇ ನಿಂತಿದ್ದಾನೆ, ಮುಖ ಸಣ್ಣಗೆ ಮಾಡಿಕೊಂಡು.

"ಇವ್ನಲ್ಲ ಮೇಡಂ. ಮುಂಚೆ ಇದ್ದ ಹುಡ್ಗ. ಊರಿಗೋದ."

ಊರಿಗೆ ಹೋದ ಆ ಹುಡುಗನನ್ನು ನಾನು ಕಂಡೇ ಇಲ್ಲ. ಬಚ್ಚಲ ನಲ್ಲಿ ಸೋರಿದ್ದೂ ಅವನಿಂದ, ಗೀಸರ್ ಪೈಪ್ ಅದಲುಬದಲಾದದ್ದೂ ಅವನಿಂದ. ಬೆಂಗಳೂರಿನ ಅರ್ಧ ಸೋರಿಕೆ ಅವನ ಕೈಗುಣವೇ ಇರಬೇಕು. ಎಲ್ಲೇ ಇರಲಿ, ಚೆನ್ನಾಗಿರಲಿ, ನಲ್ಲಿ ಮಾತ್ರ ಮುಟ್ಟದಿರಲಿ.

ಕಾರ್ಪೆಂಟರಿಗೆ ಫೋನ್ ಮಾಡಿದರೆ, "ಲೀಕೇಜ್ ನಿಲ್ಸಿ, ಆಮೇಲ್ ಬರ್ತೀನಿ." ಪ್ಲಂಬರ್, "ಅವ್ರು ಮೊದ್ಲು ಪ್ಲೈ ಬಿಚ್ಲಿ." ಗ್ರಾನೈಟ್ ಮೇಸ್ತ್ರಿಯದು ಬೇರೆಯೇ ರಾಗ: ಕಲ್ಲಿನ ಅಂಚಿನ ಅಡಿಯಲ್ಲಿ ಗ್ರೂವ್ ಹೊಡೆದಿದ್ದರೆ ನೀರು ಅಲ್ಲೇ ತೊಟ್ಟಿಕ್ಕಿ ಬೀಳುತ್ತಿತ್ತು, ಒಳಗೆ ಹೋಗುತ್ತಿರಲಿಲ್ಲ. "ಇದ್ಯಾರು ಮೇಡಂ..." ಅನ್ನುವಷ್ಟರಲ್ಲಿ ಫೋನ್ ಇಟ್ಟೆ.

ಅಜ್ಜಿ ಹಿತ್ತಲ ಕಲ್ಲಿನ ಮೇಲೆ ಬೂದಿ ಹಾಕಿ ಪಾತ್ರೆ ತಿಕ್ಕುತ್ತಿದ್ದಳು. ಆ ನೀರು ಹರಿದು ಕೆಸುವಿನ ಬುಡ ಸೇರುತ್ತಿತ್ತು, ಮಳೆಗಾಲದಲ್ಲಿ ಪತ್ರೊಡೆಯಾಗಿ ತಟ್ಟೆಗೆ ಬರುತ್ತಿತ್ತು. ನೀರು ಎಲ್ಲಿಗೆ ಹೋಯಿತು ಅಂತ ಯಾರೂ ಟಾರ್ಚ್ ಬಿಟ್ಟು ಹುಡುಕಿದ್ದಿಲ್ಲ.

ಕೊನೆಗೆ ಪ್ಲಂಬರೇ ಸೋತು, ಹಳೆಯ ಸಿಲಿಕಾನ್ ಕೆರೆದು ಹೊಸದು ಬಳಿದ. ಬೆರಳಿಂದ ಸವರಿ ನೀಟ್ ಮಾಡಿ, ಗಂಭೀರವಾಗಿ ಹೇಳಿದ: "24 ಗಂಟೆ ಒಂದು ತೊಟ್ಟು ನೀರೂ ಬೀಳ್ಬಾರ್ದು ಮೇಡಂ. ಬಿದ್ರೆ ನಾನು ಜವಾಬ್ದಾರಿ ಅಲ್ಲ."

ಹಾಗೆ ಹೇಳುತ್ತಲೇ ಅದೇ ನಲ್ಲಿ ತಿರುಗಿಸಿ ಕೈ ತೊಳೆದುಕೊಂಡ.