ಆ ಕೊಳಲಿನ ಹಿಂದೆ ಎರಡು ದಶಕಗಳ ದುಡಿಮೆಯಿದೆ

ಕೊರಿಯಾದ ಸಂಗೀತ ಸಂಯೋಜಕ ಜಂಗ್ ಜೇ-ಇಲ್ ಅವರ ಬಗ್ಗೆ ಕನ್ನಡದಲ್ಲಿ ಲೇಖನ ಕಂಡು ಮನಸ್ಸು ತುಂಬಿತು. ಆದರೆ ಅವರು ‘ಪಾರಸೈಟ್’ ಚಲನಚಿತ್ರದಿಂದ ಬೆಳಕಿಗೆ ಬಂದರು ಎಂಬ ಅದರ ಮಾತನ್ನು ಒಪ್ಪಲಾರೆ. 1982ರಲ್ಲಿ ಹುಟ್ಟಿದ ಅವರು ಹದಿಹರೆಯದಲ್ಲೇ ‘ಗಿಗ್ಸ್’ ಸಂಗೀತ ತಂಡದಲ್ಲಿ ಹಿರಿಯರ ಸರಿಸಮನಾಗಿ ಬೇಸ್ ಗಿಟಾರ್ ಹಿಡಿದು ನಿಂತವರು. ‘ಪಾರಸೈಟ್’ ಬಂದದ್ದು 2019ರಲ್ಲಿ!

ಲೇಖನ ಬಿಟ್ಟ ಇನ್ನೊಂದು ಸಂಗತಿ ಪಾನ್ಸೋರಿ. ಒಬ್ಬರೇ ಗಾಯಕರು ಡೋಲಿನ ಜೊತೆ ಇಡೀ ಕಥೆಯನ್ನು ಹಾಡಿ ಹೇಳುವ ಕೊರಿಯಾದ ಪರಂಪರೆ ಅದು. ಪಾನ್ಸೋರಿ ಗಾಯಕ ಹಾನ್ ಸುಂಗ್-ಸೋಕ್ ಅವರೊಡನೆ ಜಂಗ್ 2014ರಲ್ಲಿ ಧ್ವನಿಮುದ್ರಿಕೆಯನ್ನೇ ತಂದರು. 2018ರ ಏಪ್ರಿಲ್‌ನಲ್ಲಿ ಗಡಿಯಲ್ಲಿರುವ ಪಾನ್ಮುನ್‌ಜೋಮ್‌ನಲ್ಲಿ ಎರಡೂ ಕೊರಿಯಾಗಳ ನಾಯಕರು ಭೇಟಿಯಾದಾಗ ಬೀಳ್ಕೊಡುಗೆಗೆ ಕೇಳಿಬಂದದ್ದೂ ಜಂಗ್ ಅವರ ಸಂಗೀತವೇ. ಇದನ್ನೆಲ್ಲ ಬಿಟ್ಟು ಪ್ರಶಸ್ತಿಗಳ ಪಟ್ಟಿ ಕೊಟ್ಟರೆ ಕಲಾವಿದ ಅರ್ಧ ಮಾತ್ರ ಕಾಣುತ್ತಾರೆ.

ಮಕ್ಕಳ ಆಟಗಳಲ್ಲಿ ಸೋತವರು ಸಾಯುವ ಕಥೆಯ ‘ಸ್ಕ್ವಿಡ್ ಗೇಮ್’ ಸರಣಿಗೆ ಜಂಗ್ ಕೊಟ್ಟ ಆರಂಭದ ರಾಗವನ್ನೇ ಕೇಳಿ. ಶಾಲೆಯ ಮಕ್ಕಳು ಊದುವ ರೆಕಾರ್ಡರ್ ಎಂಬ ಕೊಳಲು, ಕೊರಿಯಾದಲ್ಲಿ ಆಟಗಾರರನ್ನು ಹುರಿದುಂಬಿಸಲು ತಟ್ಟುವ ಮೂರು, ಮೂರು, ಏಳರ ಚಪ್ಪಾಳೆಯ ಲಯ. ಉಸಿರು ಹದ ತಪ್ಪಿ ಸ್ವರ ಒಂದಿಷ್ಟು ಬಿರುಕು ಬಿಟ್ಟಂತೆ ಕೇಳುತ್ತದೆ. ಅದನ್ನು ನಯಗೊಳಿಸದೆ ಹಾಗೆಯೇ ಉಳಿಸಿದ್ದಾರೆ. ಮಗುವಿನ ಆಟವೊಂದು ಸಾವಿನ ಆಟವಾಗುವ ಭಯ ನನ್ನನ್ನು ಮೊದಲು ತಟ್ಟಿದ್ದು ಆ ಬಿರುಕಿನಲ್ಲೇ.

‘ಪಾರಸೈಟ್’ನಲ್ಲಿ ಪೀಚ್ ಹಣ್ಣಿನ ನವಿರು ರೋಮವನ್ನು ಬಳಸಿ, ಅದರ ಅಲರ್ಜಿಯಿರುವ ಮನೆಗೆಲಸದಾಕೆಯನ್ನು ಹೊರಹಾಕುವ ಭಾಗವನ್ನು ಕಣ್ಣು ಮುಚ್ಚಿ ಒಮ್ಮೆ ಕೇಳಿ. ಸಂಚು ಬಿಗಿಯಾದಂತೆಲ್ಲ ಪಿಟೀಲುಗಳೂ ಬಿಗಿಯಾಗುತ್ತವೆ. ಲೇಖಕರು ಜಂಗ್ ಅವರ ಪಾನ್ಸೋರಿ ಕೆಲಸದ ಬಗ್ಗೆಯೇ ಇನ್ನೊಂದು ಲೇಖನ ಬರೆಯಬೇಕೆಂದು ಕೋರುತ್ತೇನೆ.